ನೆಲಸಂಪಿಗೆಯ ಮೇಲೆ ಸುಣ್ಣ

ನನ್ನ ಸೊಸೆಯ ನೆಲಸಂಪಿಗೆಯನ್ನು ಸುಟ್ಟವಳು ನಾನು. ಸುಟ್ಟು, ಮೇಲೆ ಮಣ್ಣು ಹಾಕಿ ಮುಚ್ಚಿ, ತಿಂಗಳಿಗೂ ಮಿಕ್ಕಿ ಬಾಯಿ ಬಿಡದೆ ಕೂತವಳೂ ನಾನೇ. ಗಡ್ಡೆಗೆ ಹುಳ ಹತ್ತಿತು, ಕಾಲುವೆ ನೀರಿಗೆ ಕೊಳೆಯಿತು, ಸೂತಕದ ಕೈ ತಾಗಿತು ಎಂದು ನಮ್ಮ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಅವೆಲ್ಲ ಸುಳ್ಳು.

ಈ ಹೂವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ನೆಲಸಂಪಿಗೆ ಬಳ್ಳಿಯಲ್ಲ, ಪೊದೆಯಲ್ಲ. ಶುಂಠಿಯ ಹಾಗೆ ಮಣ್ಣೊಳಗೆ ಗಡ್ಡೆ ಇರುತ್ತದೆ. ಮಳೆಗಾಲದಲ್ಲಿ ಮೊಣಕಾಲಿನ ಕೆಳಗೇ ಅಗಲ ಎಲೆ ಬಿಟ್ಟು ನೆಲ ಕಾಣದ ಹಾಗೆ ಮುಚ್ಚಿಬಿಡುತ್ತದೆ. ಎಲೆಯ ಮೇಲೆ ಬೂದು ಪಟ್ಟೆ, ಅಡಿಯಲ್ಲಿ ಬದನೆಕಾಯಿಯ ಬಣ್ಣ. ದೀಪಾವಳಿ ಕಳೆಯಿತೆಂದರೆ ಎಲೆಗಳು ಹಳದಿಯಾಗಿ ಮಲಗುತ್ತವೆ. ಅಲ್ಲಿಂದ ನಾಲ್ಕೈದು ತಿಂಗಳು ಬರೀ ನೆಲ. ಕೆಳಗೆ ಏನಾದರೂ ಇದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಯುಗಾದಿಯ ಹೊತ್ತಿಗೆ ಎಲೆಯೂ ಇಲ್ಲದೆ ದಂಟೂ ಇಲ್ಲದೆ ಮಣ್ಣು ಬಿರಿದು ಹೂವೇ ನೇರ ಹೊರಗೆ ಬರುತ್ತದೆ. ಬಿಳಿ ಎಸಳು, ನಡುವೆ ನೇರಳೆ. ಒಂದು ಹೂವಿಗೆ ಒಂದೇ ದಿನದ ಬಾಳು. ಬಗ್ಗಿ ಮೂಸಿ ನೋಡಿದರೆ ಒಳ್ಳೆಯ ವಾಸನೆ. ನನಗೆ ಬಗ್ಗಲು ಬರುವುದಿಲ್ಲ, ಸೊಂಟ ಹಿಡಿದಿದೆ.

ನಮ್ಮದು ಸಿದ್ದಾಪುರದ ಕಡೆ, ಕಾಲುವೆ ನೀರಿನ ಸೀಮೆ. ಎಲ್ಲಿ ನೋಡಿದರೂ ಭತ್ತ. ಮನೆಯ ಹಿಂದೆ ಬಚ್ಚಲ ಗೋಡೆಗೆ ಹತ್ತಿ ಒಂದು ಕರಿಬೇವಿನ ಗಿಡ, ಅದರ ನೆರಳಿಗೆ ಎರಡು ಹಾಸಿಗೆಯಷ್ಟು ಜಾಗ. ಹಿತ್ತಲು ಅಂತ ನಮಗೆ ಇರುವುದು ಅಷ್ಟೇ. ಆ ಜಾಗದ ಮೇಲೆ ನನಗೆ ಕಣ್ಣಿತ್ತು. ಮೆಂತ್ಯ, ಪುದೀನ, ನಾಲ್ಕು ಉಳ್ಳಾಗಡ್ಡಿ ಅಂತ ಲೆಕ್ಕ ಹಾಕಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಬೀಗತಿ ಬಂದಳು.

ಸೊಸೆಯ ತವರು ಬೇವೂರಿನ ಹತ್ತಿರ. ಮಳೆ ನಂಬಿ ಬದುಕುವ ಊರು. ಸೊಸೆ ಮದುವೆಯಾಗಿ ಬಂದ ಮರುವರ್ಷ ಬೀಗತಿ ಒದ್ದೆ ಗೋಣಿ ಚೀಲದಲ್ಲಿ ಒಂದಿಷ್ಟು ಗಡ್ಡೆ ಕಟ್ಟಿಕೊಂಡು ಬಸ್ಸಿಳಿದಳು. ಎತ್ತರದ ಹೆಂಗಸು. ಕಾಲು ತೊಳೆದವಳೇ ಚಹಾ ಕೂಡ ಕುಡಿಯದೆ ಹಿತ್ತಲಿಗೆ ಹೋಗಿ ಸೀರೆ ಕಚ್ಚೆ ಹಾಕಿ ಕೂತುಬಿಟ್ಟಳು.

"ಏನ್ರಿ ಬೀಗತಿ, ಮಗಳ್ನ ನೋಡಾಕ ಬಂದ್ರೋ, ನನ್ನ ಹಿತ್ತಲ ಅಗಿಯಾಕ ಬಂದ್ರೋ?" ಅಂದೆ.

"ಮಗಳ್ನ ಕೊಟ್ಟೀನಿ, ಎಲ್ಡ ಮೊಳ ನೆಲ ಕೊಡಾಕ ನಿಮಗ ಹೊಟ್ಟಿ ಉರೀತೈತೇನ್ರಿ?"

"ಇದನ್ನ ಉಣ್ಣಾಕ ಬರ್ತೈತೇನು?"

"ಉಣ್ಣಾಕ ಬರೂದಿಲ್ಲ. ಬಾವು ಬಂದ್ರ ಅರದು ಹಚ್ಚಾಕ ಬರ್ತೈತಿ. ನಿಮ್ಮ ನಾಲಿಗಿಗೆ ಬಾವು ಬಂದ ದಿನ ನಿಮಗೂ ಬೇಕಾಗ್ತೈತಿ ತೊಗೊರ್ರಿ."

ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಬೀಗತಿ ನೆಡುತ್ತ ನೆಡುತ್ತ ಮಗಳಿಗೆ ಪಾಠ ಹೇಳಿದಳು. ಎಲೆ ಇರುವ ತನಕ ಬಚ್ಚಲ ನೀರು ಹೋದರೆ ನಡೆಯುತ್ತದೆ. ದೀಪಾವಳಿ ಆದ ಮೇಲೆ ಒಣಗಿದ ಎಲೆ ಕಿತ್ತು ತೆಗೆಯಬೇಕು, ನೀರು ನಿಲ್ಲಿಸಬೇಕು. ಶಿವರಾತ್ರಿಯ ತನಕ ಆ ನೆಲದ ಮೇಲೆ ಕೋಳಿ ಕೂಡ ಕೆದರಬಾರದು. ಶಿವರಾತ್ರಿ ಆದ ಮೇಲೆ ದಿನಕ್ಕೊಂದು ತಂಬಿಗೆ ನೀರು. ಕಡೆಗೆ ಕೈ ಕೊಡವುತ್ತ ಎದ್ದು, "ಹಬ್ಬಕ್ಕ ನಾ ಬರಾಕಾಗ್ಲಿ ಬಿಡ್ಲಿ, ಇದು ಬರ್ತೈತಿ ನೋಡವ್ವಾ" ಅಂದಳು.

ಬರುತ್ತಲೂ ಇತ್ತು. ನನ್ನ ಸೊಸೆ ಹಗಲೆಲ್ಲ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಗದ್ದೆಯಲ್ಲಿ ಕೂಲಿಗೆ ನಾಟಿ, ಕಳೆ ಅಂತ ಬಗ್ಗಿ ಬಗ್ಗಿ ಮನೆಗೆ ಬಂದವಳು, ಇಲ್ಲಿ ಮತ್ತೆ ಬಗ್ಗುತ್ತಿದ್ದಳು. ಯುಗಾದಿಯ ಬೆಳಿಗ್ಗೆ ಬೇವೂರಿನಿಂದ ಫೋನು ಬರುತ್ತಿತ್ತು. ಆರೋಗ್ಯ ಇಲ್ಲ, ಊಟ ಇಲ್ಲ, ಮೊದಲ ಮಾತೇ "ಎಷ್ಟು ಬಿಟ್ಟಾವ?" ಸೊಸೆ ಫೋನು ಕಿವಿಗೆ ಇಟ್ಟುಕೊಂಡೇ ಹಿತ್ತಲಿಗೆ ಓಡಿ ಎಣಿಸುವಳು. "ಏಳ ಅದಾವಬೇ. ಇಲ್ಲಾ, ಇಲ್ಲೊಂದು ಮೂಗ ತೂರ್ಸೇತಿ, ಎಂಟು." ಆ ಕಡೆಯಿಂದ ಬೀಗತಿ ತನ್ನ ಅಂಗಳದ ಎಣಿಕೆ ಹೇಳುವಳು. ಯಾವಾಗಲೂ ಅವಳದೇ ಹೆಚ್ಚು. ನಾನು ಒಳಗಿನಿಂದ "ತಾಯಿ ಮಗಳ ಲೆಕ್ಕ ಮುಗದಿದ್ರ ಹೋಳಿಗಿ ತಟ್ಟಾಕ ಬಾ" ಅಂತ ಕೂಗುತ್ತಿದ್ದೆ. ಹತ್ತು ವರ್ಷ ಹೀಗೇ ನಡೆಯಿತು. ಆ ಜಾಗದಲ್ಲಿ ಮೆಂತ್ಯ ಬೆಳೆಯಲಿಲ್ಲವಲ್ಲ ಎಂದು ನಾನು ಹತ್ತು ವರ್ಷವೂ ಗೊಣಗಿದೆ.

ಹೋದ ಕಾರ್ತಿಕದಲ್ಲಿ ಬೀಗತಿ ಸತ್ತಳು. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲವಂತೆ. ಸೊಸೆ ಗದ್ದೆಯ ಕೆಸರಿನ ಸೀರೆಯಲ್ಲೇ ಬಸ್ಸು ಹತ್ತಿದಳು. ಮೊಮ್ಮಗಳಿಗೆ ಜ್ವರ ಬಂದದ್ದರಿಂದ ಮೂರನೆಯ ದಿನ ಒಂದು ಹೊತ್ತಿನ ಮಟ್ಟಿಗೆ ವಾಪಸು ಬಂದಳು. ಸೂತಕ ಕಳೆದಿರಲಿಲ್ಲ. ಒಳಗೆ ಬರುವ ಮೊದಲು ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಬಚ್ಚಲಿಗೆ ಅಂತ ಹಿತ್ತಲಿಗೆ ಹೋದವಳು ಒಣಗಿದ ಎಲೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದೇ ಎಲೆ ಕಿತ್ತಳು. ದೀಪಾವಳಿ ಆಗಿತ್ತು, ಅದು ಅವಳ ತಾಯಿ ಹೇಳಿಕೊಟ್ಟ ಕೆಲಸ. ಅವಳ ಕೈ ತನ್ನಷ್ಟಕ್ಕೆ ತಾನೇ ಮಾಡಿತು ಅಂತ ಕಾಣುತ್ತದೆ. ಎದುರು ಮನೆಯಾಕೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ನಿಂತು ಅದನ್ನು ನೋಡಿದಳು.

ಒಂದು ತಿಂಗಳು ಕಳೆದು ಸೊಸೆ ತವರಿಗೆ ಹೋಗಿಬಂದಾಗ ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು. ಅವಳ ಅಣ್ಣ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿಬಿಟ್ಟಿದ್ದ. ತೊಗರಿ ಒಣಗಿಸಲು ಅನುಕೂಲ ಅಂತ. ಬರೀ ನೆಲ ಇತ್ತಲ್ಲ, ಕೆಳಗೆ ಗಡ್ಡೆ ಇರುವುದು ಅವನಿಗೆ ನೆನಪೇ ಇಲ್ಲ.

"ಇನ್ನ ನಮ್ಮವ್ವಂದು ಅಂತ ಉಳದಿದ್ದು ಇಲ್ಲಿದ್ದದ್ದಷ್ಟ ನೋಡ್ರಿ ಅತ್ತಿ" ಅಂದಳು.

ನಾನು ಹೂಂ ಅಂದೆ. ಅಷ್ಟೇ ಅಂದದ್ದು.

ಇನ್ನು ಸುಣ್ಣದ ಮಾತು. ಶಿವರಾತ್ರಿಯಾಗಿ ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಮನೆಗೆ ಸುಣ್ಣ ಆಗಬೇಕು. ನನ್ನ ಮಗ ಗಂಗಾವತಿಯ ಹಾಸ್ಟೆಲೊಂದರಲ್ಲಿ ಅಡುಗೆಯವನು. ಅವನು, "ಯವ್ವಾ, ಈಗ ಯಾರ ಸುಣ್ಣ ಹಚ್ತಾರ? ಬಣ್ಣದ ಡಬ್ಬಿ ತರ್ತೀನಿ, ಒಂದ ದಿನದಾಗ ಮುಗೀತೈತಿ" ಅಂದ.

"ನಿಮ್ಮಪ್ಪ ಇದ್ದಾಗಿಂದ ಈ ಗ್ವಾಡಿಗೆ ಸುಣ್ಣ ಬಿಟ್ಟು ಬ್ಯಾರೆ ಹತ್ತಿಲ್ಲ. ನನ್ನ ಕೈ ಕಾಲು ಬಿದ್ದಮ್ಯಾಲ ಏನರ ಬಳಕೊ" ಅಂದೆ.

ಸುಣ್ಣದ ಹರಳು ತರಿಸಿದೆ. ಹರಳಿಗೆ ನೀರು ಹಾಕಿದರೆ ಅದು ಒಲೆ ಇಲ್ಲದೆ ಕುದಿಯುತ್ತದೆ. ಹಿಂದೆ ನಮ್ಮಲ್ಲಿ ಅದಕ್ಕೆ ಕಬ್ಬಿಣದ ಡ್ರಮ್ಮು ಇತ್ತು, ತಳ ತುಕ್ಕು ಹಿಡಿದು ಹೋಗಿತ್ತು. ಮನೆಯಲ್ಲಿ ಇದ್ದದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದನ್ನು ಕರಿಬೇವಿನ ನೆರಳಿಗೆ ಎಳೆದೆ. ನೀರು ಹತ್ತಿರ, ನೆಲ ಸಮ, ಬಿಸಿಲಿಲ್ಲ. ಸೊಸೆ ಕಳೆ ತೆಗೆಯಲು ಹೊರಟವಳು ಬುತ್ತಿ ಕಟ್ಟಿಕೊಳ್ಳುತ್ತ ನೋಡಿದಳು.

"ಅಲ್ಲಿ ಇಡಬ್ಯಾಡ್ರಿ ಅತ್ತಿ. ಗಡ್ಡಿ ಈಗ ಮೊಳಕಿ ಒಡಿಯೂ ಟೈಮು."

"ಡ್ರಮ್ಮೇನು ಗಡ್ಡಿ ತಿಂತೈತೇನ? ಅಂಚಿಗೆ ಇಟ್ಟೀನಿ. ನೀ ಹೋಗು, ಕೂಲಿ ಟ್ರ್ಯಾಕ್ಟರ ಬಿಟ್ಟು ಹೋದೀತು."

"ಪ್ಲಾಸ್ಟಿಕ್ ತಡೀತೈತೇನ್ರಿ?"

"ನನಗ ಸುಣ್ಣ ಕುದಸೂದು ಕಲಸ್ತಿಯೇನು?"

ಅವಳು ಹೋದಳು. ಅಂಚಿಗೆ ಇಟ್ಟಿದ್ದೇನೆ ಅಂದದ್ದು ಸುಳ್ಳು. ಸರಿ ನಡುವೆ ಇಟ್ಟಿದ್ದೆ. ಗೊತ್ತಿದ್ದೇ ಇಟ್ಟದ್ದು. ಏನೂ ಕಾಣದ ಬರೀ ನೆಲಕ್ಕೆ ಹತ್ತು ವರ್ಷದಿಂದ ಕಾಲು ಮುದುಡಿಕೊಂಡು ಓಡಾಡಿ ನನಗೆ ಸಾಕಾಗಿತ್ತು.

ಹರಳು ಹಾಕಿ ನೀರು ಸುರಿದೆ. ಬುಸ್ ಬುಸ್ ಎಂದು ಹೊಗೆ ಎದ್ದಿತು. ನಾನು ಕುಂಚ ನೆನೆಸಲು ಒಳಗೆ ಹೋಗಿ ಬರುವುದರೊಳಗೆ ಡ್ರಮ್ಮಿನ ಹೊಟ್ಟೆ ಮೆತ್ತಗಾಗಿ ಉಬ್ಬಿ ಒಂದು ಮಗ್ಗುಲು ಸೀಳಿತ್ತು. ಕುದಿಯುವ ಸುಣ್ಣವೆಲ್ಲ ಆ ಎರಡು ಹಾಸಿಗೆ ಜಾಗದ ಮೇಲೆ. ಮಣ್ಣು ಚುಯ್ ಅಂದಿತು. ಮೇಲಿನ ಮಣ್ಣು ಕೊಚ್ಚಿ ಅಲ್ಲೊಂದು ಇಲ್ಲೊಂದು ಬೆರಳ ತುದಿಯಷ್ಟು ನೇರಳೆ ಮೊಳಕೆ ಕಂಡಿದ್ದು ನನಗೆ ಆಗಲೇ. ಕಂಡದ್ದೂ ಬಿಳಿಯಾಗಿ ಮುಚ್ಚಿಹೋದದ್ದೂ ಒಟ್ಟಿಗೇ.

ಆಗ ಏನು ಮಾಡಬೇಕಿತ್ತು ಎಂದು ಈಗ ಗೊತ್ತಿದೆ. ತಣ್ಣೀರು ಸುರಿದು, ಗಡ್ಡೆ ಅಗೆದು, ತೊಳೆದು ಬೇರೆ ಮಣ್ಣಿಗೆ ಹಾಕಿದ್ದರೆ ಒಂದೆರಡಾದರೂ ಉಳಿಯುತ್ತಿದ್ದವು. ನಾನು ಗಡ್ಡೆಯ ಬಗ್ಗೆ ಯೋಚನೆ ಮಾಡಲಿಲ್ಲ. ಸಂಜೆ ಸೊಸೆ ಬಂದು, "ನಾ ಹೇಳಿದ್ದೆಲ್ರಿ ಅತ್ತಿ" ಅನ್ನುತ್ತಾಳೆ. ಆ ಒಂದು ಮಾತು ಕೇಳಬಾರದು, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಸಲಿಕೆಯಿಂದ ಸುಣ್ಣದ ಮೇಲುಮೇಲಿನದನ್ನು ಬಳಿದು ತೆಗೆದೆ. ಉಳಿದದ್ದರ ಮೇಲೆ ಕಾಲುವೆಯ ದಂಡೆಯಿಂದ ಆರೇಳು ಬುಟ್ಟಿ ಮಣ್ಣು ಹೊತ್ತು ತಂದು ಹರಡಿದೆ. ಈ ಹಿಡಿದ ಸೊಂಟದಲ್ಲಿ. ಮೇಲೆ ನೀರು ಚಿಮುಕಿಸಿ, ಅಂಗೈಯಿಂದ ಸವರಿ, ಒಣಗಿದ ಕರಿಬೇವಿನ ಎಲೆ ಉದುರಿಸಿದೆ. ನೋಡಿದರೆ ಯಾರೂ ಮುಟ್ಟಿಲ್ಲದ ನೆಲ.

ಸೊಸೆ ಸಂಜೆ ಬಂದು ಕೇಳಿದಳು. "ಡ್ರಮ್ಮು ಸೀಳಿತು, ಸುಣ್ಣ ಮೋರಿಗೆ ಹೋತು" ಅಂದೆ. "ಗಡ್ಡಿಗೇನೂ ಆಗಿಲ್ಲ ಹೌದಿಲ್ರಿ?" ಅಂದಳು. "ಏನಾಗ್ತೈತಿ?" ಅಂದೆ. ಮಗ ಬಣ್ಣದ ಡಬ್ಬಿ ತಂದ. ಗೋಡೆಗೆ ಅದನ್ನೇ ಬಳಿದೆವು.

ಶಿವರಾತ್ರಿಯಿಂದ ಹಾಕುತ್ತಿದ್ದ ನೀರನ್ನು ಅವಳು ಮುಂದೆಯೂ ಹಾಕುತ್ತಲೇ ಹೋದಳು. ದಿನಕ್ಕೊಂದು ತಂಬಿಗೆ, ಹೊಲಕ್ಕೆ ಹೋಗುವ ಮೊದಲು. ಕೂತು, ಬಾಗಿ, ಮಣ್ಣು ಬಿರಿದಿದೆಯೋ ನೋಡುವಳು. ಒಂದು ದಿನ "ಇಲ್ಲಿ ಸೀಳೇತಿ ಬರ್ರಿ ಅತ್ತಿ, ಬರ್ತೈತಿ" ಅಂತ ಕರೆದಳು. ಹೋಗಿ ನೋಡಿದೆ. ಕೆಳಗಿನ ಸುಣ್ಣ ಗಟ್ಟಿಯಾಗುತ್ತ ಮೇಲಿನ ಮಣ್ಣು ಬಾಯಿ ಬಿಟ್ಟಿತ್ತು. "ಹೂಂ, ಬರಬಹುದು" ಅಂದೆ. ಹೀಗೆ ಅಂದೆನಲ್ಲ, ಅದು ನಾನು ಡ್ರಮ್ಮು ಇಟ್ಟದ್ದಕ್ಕಿಂತ ಕೆಟ್ಟದ್ದು.

ಯುಗಾದಿ ಬಂತು. ಬೇವಿನ ಹೂ ಬೆಲ್ಲ ಕಲಸಿದೆವು, ಹೋಳಿಗೆ ಮಾಡಿದೆವು. ಫೋನು ಬರಲಿಲ್ಲ, ಬರುವವಳು ಇರಲಿಲ್ಲ. ಸೊಸೆ ಫೋನು ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡು ಹಿತ್ತಲಿನಲ್ಲಿ ನಿಂತಿದ್ದಳು. ನೆಲ ಬರೀ ನೆಲವಾಗಿಯೇ ಇತ್ತು. ಆ ದಿನ ಅವಳು ಹೋಳಿಗೆ ಮುಟ್ಟಲಿಲ್ಲ. ನಾನು ಎರಡು ತಿಂದೆ. ತಿನ್ನದಿದ್ದರೆ ಯಾಕೆ ಅಂತ ಯಾರಾದರೂ ಕೇಳುತ್ತಾರಲ್ಲ.

ಹಬ್ಬ ಮುಗಿದ ಮೇಲೆ ಓಣಿಯ ನಳದ ಹತ್ತಿರ ಮಾತು ಶುರುವಾಯಿತು. ನಮ್ಮಲ್ಲಿ ಬೆಳಿಗ್ಗೆ ಒಂದು ಗಳಿಗೆ ನೀರು ಬಿಡುತ್ತಾರೆ, ಆಗ ಎಲ್ಲ ಹೆಂಗಸರೂ ಅಲ್ಲೇ. ಎದುರು ಮನೆಯಾಕೆ ಕೊಡ ತೊಳೆಯುತ್ತ ಕೇಳಿದಳು:

"ಏನಬೇ ಅಕ್ಕಾ, ಈ ವರ್ಷ ನಿಮ್ಮ ಸೊಸಿ ಹೂವಾ ಬಿಡ್ಲೇ ಇಲ್ಲಂತ?"

"ಇಲ್ಲ."

"ಹೆಂಗ ಬಿಡ್ತಾವ? ಸೂತಕದಾಗ ಮೈ ತೊಳಕೊಳ್ಳದ ಎಲಿ ಕಿತ್ತಾಳ. ನಾ ಮಾಳಿಗಿ ಮ್ಯಾಲಿಂದ ನೋಡೀನಿ. ಹೆಣ ಮುಟ್ಟಿದ ಕೈ ಅದು."

"ತನ್ನ ತಾಯಿ ಹಚ್ಚಿದ್ದನ್ನ ತಾನ ತಗದ್ಲು ಅನ್ನು" ಅಂದಳು ಇನ್ನೊಬ್ಬಳು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಅಲ್ಲ ಅನ್ನಲಿಲ್ಲ. "ಏನೋ, ದೇವರಿಗೆ ಗೊತ್ತು" ಅಂದೆ. ನಳದ ಹತ್ತಿರ ಅತ್ತೆಯೊಬ್ಬಳು ಹೀಗೆ ಅಂದರೆ ಹೌದು ಅಂತಲೇ ಅರ್ಥ. ನನ್ನ ಹಿಂದೆ ಸೊಸೆ ಎರಡು ಕೊಡ ಹಿಡಿದು ಸರತಿಗೆ ನಿಂತಿದ್ದಳು. ನಾನು ತಿರುಗಿ ನೋಡಿದ ಮೇಲೆ ಗೊತ್ತಾಯಿತು.

ಆ ದಿನದಿಂದ ಅವಳು ನೀರು ಹಾಕುವುದನ್ನು ಬಿಟ್ಟಳು. ಕರಿಬೇವನ್ನೂ ಮುಟ್ಟಲಿಲ್ಲ. ಅಡುಗೆಗೆ ಬೇಕಾದರೆ "ಎಲ್ಡ ಎಸಳ ಹರಕೊಡ್ರಿ ಅತ್ತಿ" ಅಂತ ನನ್ನನ್ನು ಕರೆಯುತ್ತಿದ್ದಳು. ಮೊಮ್ಮಗಳು ಸಾಲೆಯಿಂದ ಒಂದು ಚೆಂಡುಹೂವಿನ ಸಸಿ ತಂದು ನೆಡೋಣ ಅಂದರೆ, "ಅಜ್ಜಿ ಕಡೆ ಕೊಡು, ನನ್ನ ಕೈ ಬ್ಯಾಡ" ಅಂದಳು. ಗದ್ದೆಯಲ್ಲಿ ದಿನಕ್ಕೆ ಸಾವಿರ ಸಸಿ ನೆಡುವ ಕೈ ಅದು. ನಾನು ಅದನ್ನೂ ಕೇಳಿಸಿಕೊಂಡು ಅಕ್ಕಿ ಆರಿಸುತ್ತ ಕೂತಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಅಂತ ಅನ್ನಿಸುತ್ತಿತ್ತು. ಮೊದಲ ದಿನವೇ ಹೇಳದ ಮಾತು ಎಂಟು ದಿನ ಕಳೆದರೆ ಬಾಯಿಗೆ ದೊಡ್ಡದಾಗುತ್ತದೆ, ತಿಂಗಳಾದರೆ ಗಂಟಲೇ ದಾಟುವುದಿಲ್ಲ. ಅವಳು ಬಡಕಲಾದಳು. ಮಗ ಕೇಳಿದರೆ ಬಿಸಿಲು ಅಂದಳು.

ಒಂದು ಸೋಮವಾರ ಅವಳಿಗೆ ಕೆಲಸವಿರಲಿಲ್ಲ, ಭತ್ತ ಕಾಳು ಕಟ್ಟಿತ್ತು. ಮಧ್ಯಾಹ್ನ ಊಟ ಆದ ಮೇಲೆ ಕಳೆ ಕೀಳುವ ಕುರ್ಪಿ ಹಿಡಿದು ಹಿತ್ತಲಿಗೆ ಹೋದಳು.

"ಏನ ಮಾಡ್ತಿ?" ಅಂದೆ.

"ಹದಾ ಮಾಡಿ ಕೊಡ್ತೀನ್ರಿ. ನೀವು ಮೆಂತೆ ಹಾಕೋರ್ರಿ. ಎಷ್ಟ ವರ್ಷದಿಂದ ಕೇಳಾಕ ಹತ್ತೀರಿ."

ನಾನು ಎದ್ದು ಬಾಗಿಲಿಗೆ ಬಂದೆ. "ಬ್ಯಾಡ ಬಿಡು, ಬಿಸಲೈತಿ" ಅಂದೆ. "ಇರ್ಲಿ ಬಿಡ್ರಿ" ಅಂದಳು. ಕುರ್ಪಿ ಎರಡು ಬಾರಿ ಮೆತ್ತಗೆ ಇಳಿಯಿತು. ಮೂರನೆಯದು ಟಕ್ ಅಂದಿತು.

ಅವಳು ಮಣ್ಣು ಸರಿಸಿದಳು. ಕೆಳಗೆ ರೊಟ್ಟಿಯಷ್ಟು ದಪ್ಪದ ಬಿಳಿ ಪದರು. ಕುರ್ಪಿಯ ತುದಿ ಹಾಕಿ ಎಬ್ಬಿಸಿದಾಗ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಅದರ ಅಡಿಯಲ್ಲಿ ಗಡ್ಡೆಗಳು. ಮುಟ್ಟಿದರೆ ನೆನೆದ ಬೂದಿಯ ಹಾಗೆ ಬೆರಳಿಗೆ ಅಂಟಿಕೊಂಡವು. ಅವಳು ಬೆರಳು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಒಂದೊಂದನ್ನೇ ತೆಗೆದು ಸಾಲಾಗಿ ಇಡುತ್ತ ಹೋದಳು, ಗಟ್ಟಿ ಇರುವುದು ಒಂದಾದರೂ ಸಿಕ್ಕೀತು ಅಂತ. ಸಿಗಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ.

"ಇದು ಸುಣ್ಣಲ್ರಿ ಅತ್ತಿ?"

"ಹೂಂ."

"ಮೋರಿಗೆ ಹೋತಂದ್ರಿ."

"ಸುಳ್ಳ ಹೇಳಿದೆ. ಇದರ ಮ್ಯಾಲ ಚೆಲ್ಲಿತು. ನಾ ಮುಚ್ಚಿದೆ."

ಅವಳು ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಜಗಳ ನನಗೆ ಬರುತ್ತದೆ. ಅವಳು ಕುರ್ಪಿ ಕೆಳಗಿಟ್ಟಳು.

"ಸುಟ್ಟಿದ್ದಕ್ಕ ಏನೂ ಅನ್ನೂದಿಲ್ರಿ. ಬಿದ್ದು ಹೋಗ್ತಾವ, ಒಡದು ಹೋಗ್ತಾವ. ಹಬ್ಬದ ತನಕ ನನ್ನ ಕಡಿಂದ ನೀರ ಹಾಕಿಸಿದ್ರೆಲ್ಲ."

ಅವಳು ಬೆರಳಿಗೆ ಅಂಟಿದ ಬಿಳಿಯನ್ನು ನೆಲಕ್ಕೆ ಒರೆಸಿದಳು.

"ನಳದ ಹಂತೇಕ ಆ ಮಾತ ಬಂದಾಗ ನೀವ ಅಲ್ಲೇ ಇದ್ರಿ. ನಮ್ಮವ್ವನ್ನ ನಾನ ಎರಡನೇ ಸಲ ಕೊಂದ್ನೇನೋ ಅಂತ ಅನ್ಕೊಂಡಿದ್ನಿ. ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಯಾಕ ಹೇಳ್ಲಿಲ್ಲ?"

"ನಿನ್ನ ಮುಂದ ತಪ್ಪಾತು ಅನ್ನಾಕ ಆಗ್ಲಿಲ್ಲ."

ಉತ್ತರ ಅಂದರೆ ಇದೇ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಅಂದೂ ಇರಲಿಲ್ಲ, ಇಂದೂ ಇಲ್ಲ. ಅವಳು ಎದ್ದು ಕೈ ತೊಳೆದುಕೊಂಡಳು. ಸುಣ್ಣ ತಾಗಿ ಬೆರಳ ಸಂದುಗಳು ಕೆಂಪಾಗಿದ್ದವು. ಕೊಬ್ಬರಿ ಎಣ್ಣೆ ತಂದು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಸಂಜೆ ರೊಟ್ಟಿ ಮಾಡಿದಳು, ನನಗೂ ಬಡಿಸಿದಳು, ಅತ್ತಿ ಅಂತ ಕರೆಯಲಿಲ್ಲ. ಮಗನಿಗೆ ನಾನೇ ಹೇಳಿದೆ. ಅವನು ಊಟದ ತಟ್ಟೆಯನ್ನೇ ನೋಡುತ್ತ, "ಯವ್ವಾ, ಎಂಥಾ ಕೆಲಸಾ ಮಾಡಿದಿ" ಅಂದ. ಬೇವೂರಿನಲ್ಲಿ ಎಲ್ಲಾದರೂ ಒಂದು ಗಡ್ಡೆ ಸಿಕ್ಕೀತೇ ಅಂತ ಅವಳ ಅಣ್ಣನಿಗೆ ಫೋನು ಮಾಡಿಸಿದೆ. ಅಂಗಳದ ಸಿಮೆಂಟಿನ ಅಂಚಿಗೂ ಹುಡುಕಿದನಂತೆ. ಅಕ್ಕಪಕ್ಕದವರ ಹತ್ತಿರವೂ ಇಲ್ಲ. ಬೀಗತಿ ಯಾರಿಗೂ ಕೊಟ್ಟಿರಲಿಲ್ಲ, ಮಗಳಿಗೊಬ್ಬಳಿಗೇ ಕೊಟ್ಟದ್ದು. ಪೇಟೆಯ ನರ್ಸರಿಯಲ್ಲಿ ಸಿಗಬಹುದು ಎಂದು ಮಗ ಹೇಳಿದ. ಸಿಕ್ಕರೆ ಅದು ನರ್ಸರಿಯ ಹೂವು. ಅವಳ ತಾಯಿ ಮೊಣಕಾಲೂರಿ ನೆಟ್ಟದ್ದಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು.

ಮರುದಿನ ಬೆಳಿಗ್ಗೆ ನೀರು ಬಿಡುವ ಮೊದಲೇ ಕೊಡ ತೆಗೆದುಕೊಂಡು ನಳದ ಹತ್ತಿರ ಹೋದೆ. ಎದುರು ಮನೆಯಾಕೆ ಬಂದಳು, ಉಳಿದವರೂ ಬಂದರು. ಸೊಸೆ ಸಾಲಿನ ಕೊನೆಯಲ್ಲಿ ದೂರ ನಿಂತಳು. ಎಲ್ಲರೂ ಸೇರುವ ತನಕ ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಕೊಡ ಕೆಳಗಿಟ್ಟು ಹೇಳಿದೆ:

"ಇಲ್ಲಿ ಕೇಳ್ರಿ. ನನ್ನ ಸೊಸಿ ಹೂವಾ ಸತ್ತಿದ್ದು ಸೂತಕದ್ಲಿಂದಲ್ಲ. ನಾ ಕುದಿಯೂ ಸುಣ್ಣಾ ಚೆಲ್ಲಿ ಸುಟ್ಟೀನಿ, ಮಣ್ಣ ಹಾಕಿ ಮುಚ್ಚೀನಿ. ನೀವು ಆಕಿ ಕೈ ಅಂದಾಗ ನಾ ಸುಮ್ನ ನಿಂತೀನಿ. ಅನ್ನೂದಿದ್ರ ಇನ್ನ ಮ್ಯಾಲ ನನ್ನ ಕೈ ಅನ್ರಿ."

ಎದುರು ಮನೆಯಾಕೆ ಸೆರಗು ಸರಿಮಾಡಿಕೊಂಡಳು. ನಳಕ್ಕೆ ನೀರು ಬಂತು. ನನ್ನ ಪಾಳಿ ಮೊದಲಿತ್ತು. ನಾನು ಕೊಡ ಎತ್ತಿಕೊಂಡು ಸಾಲಿನ ಕೊನೆಗೆ, ಸೊಸೆಯ ಹಿಂದಕ್ಕೆ ಹೋಗಿ ನಿಂತೆ. ಅವಳು ತಿರುಗಿ ನೋಡಲಿಲ್ಲ. ಅವಳ ಎರಡು ಕೊಡ ತುಂಬಿದ ಮೇಲೆ ನಾನು ನನ್ನದನ್ನು ತುಂಬಿಕೊಂಡು ಅವಳ ಹಿಂದೆಯೇ ಮನೆಗೆ ನಡೆದೆ.